ನಿಸಾನ್ ಹುಟ್ಟುವವರೆಗೆ

ಎಲ್ಲಕ್ಕೂ ಕಾರಣ ತಳ ಹತ್ತಿದ ಒಂದು ಮಡಕೆ ಬೇಳೆ. ಯೆಹೂದ್ಯರ ಅದಾರ್ ತಿಂಗಳ ಮೊದಲ ದಿನ ಪೆಲತ್ಯ ಅಂಗಳದಲ್ಲಿ ನಿಂತು, ಅಕ್ಕಪಕ್ಕದವರೆಲ್ಲ ಕೇಳುವಂತೆ ಹೆಂಡತಿಯ ಮೇಲೆ ಕೂಗಾಡಿದ್ದ: "ನಿಸಾನ್ ತಿಂಗಳು ಹುಟ್ಟೋವರೆಗೂ ನಿನ್ನ ಕೈಯಡುಗೆ ನನಗೆ ದೇವರ ಮುಡಿಪು ಇದ್ದಹಾಗೆ! ಮುಟ್ಟಲ್ಲ!"

ಹರಕೆ ಹರಕೆಯೇ. ಅವನ ಹೊಟ್ಟೆ ಮರುದಿನವೇ ಪಶ್ಚಾತ್ತಾಪಪಟ್ಟಿತು, ನಾಲಿಗೆ ಪಡಲಿಲ್ಲ. ಹೆಂಡತಿ ಶಪೀರಾ ಜಗಳಕ್ಕೇ ಬರಲಿಲ್ಲ. ದಿನಾ ಎಣ್ಣೆಯಲ್ಲಿ ಬೆಳ್ಳುಳ್ಳಿ ಹುರಿದು, ಗಂಡ ಕೂರುವ ಕಡೆಯ ಕಿಟಕಿಯನ್ನು ಅಗಲವಾಗಿ ತೆರೆದಿಟ್ಟಳು. ಪೆಲತ್ಯ ಹಸಿ ಈರುಳ್ಳಿ, ಒಣ ಅಂಜೂರ ಕಡಿಯುತ್ತ ಖಾಲಿ ಚರ್ಮದ ಚೀಲದಂತಾದ.

ಅದಾರ್ ಮುಗಿದು ನಿಸಾನ್ ಹುಟ್ಟಬೇಕಾದ ಸಂಜೆ ಅವನು ಮಾಳಿಗೆ ಹತ್ತಿದ. ಪಡುವಣ ಬೆಟ್ಟದ ಮೇಲೆ, ಕತ್ತರಿಸಿ ಎಸೆದ ಉಗುರಿನಂತೆ, ಎಳೆ ಚಂದ್ರ!

"ಕಂಡೆ! ಕಂಡೆ!"

"ನಾನೂ ಕಂಡೆ ಕಣೋ, ಕಿರಿಚಬೇಡ," ಎಂದ ಪಕ್ಕದ ಮಾಳಿಗೆಯಿಂದ ಹನಮೇಲ.

ಪೆಲತ್ಯನಿಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಚಂದ್ರನನ್ನು ಕಂಡ ಇಬ್ಬರು ಯೆರೂಸಲೇಮಿನ ನ್ಯಾಯಸಭೆಯಲ್ಲಿ ಸಾಕ್ಷಿ ಹೇಳಿದರೆ ತಿಂಗಳು ನಾಳೆಯೇ ಹುಟ್ಟುತ್ತದೆ. ಇಲ್ಲವಾದರೆ ಇನ್ನೊಂದು ದಿನ ಈರುಳ್ಳಿ.

ಬೆಳಗಾಗುತ್ತಲೇ ಇಬ್ಬರೂ ಹೊರಟರು. ಶಪೀರಾ ಬಾಗಿಲಲ್ಲಿ ನಿಂತು, "ಕಡಲೆ ಹಾಕಿ ಕುರಿಮಾಂಸ ಬೇಯಿಸಿಡ್ತೀನಿ. ಕಂಡದ್ದು ಚಂದ್ರನೇ ತಾನೆ ರೀ?" ಎಂದಳು. ಬೀದಿಯೆಲ್ಲ ನಕ್ಕಿತು.

ಅರ್ಧ ದಾರಿಯಲ್ಲಿ ಹನಮೇಲನ ಕತ್ತೆ ನೆಲಕ್ಕೆ ಕೂತಿತು. ಎಳೆದರೂ ಏಳಲಿಲ್ಲ, ಬೇಡಿಕೊಂಡರೂ ಏಳಲಿಲ್ಲ. ಕೊನೆಗೆ ಪೆಲತ್ಯ ಕತ್ತೆಯ ಮೇಲಿನ ಗಂಟನ್ನು ತಾನೇ ಹೊತ್ತು ಓಡಿದ. ಭಾರ ಇಳಿದ ಕತ್ತೆ ಕುಣಿಯುತ್ತ ಅವನನ್ನು ಹಿಂದೆ ಹಾಕಿತು.

ನಗರದ ದೊಡ್ಡ ಅಂಗಳದಲ್ಲಿ ಸಾಕ್ಷಿಗಳಿಗೆಂದೇ ಔತಣ ನಡೆದಿತ್ತು. ಮುಂದಿನ ಸಲವೂ ಜನ ಬರಲೆಂದು ಸಭೆಯವರು ಮಾಡಿದ ಏರ್ಪಾಡು. ಹುರಿದ ಮಾಂಸ, ಬಿಸಿ ರೊಟ್ಟಿ, ದ್ರಾಕ್ಷಾರಸ. ಹನಮೇಲ ಎರಡೂ ಕೈಯಲ್ಲಿ ಬಾರಿಸತೊಡಗಿದ.

"ತಿನ್ನೋ ಮಾರಾಯ, ಬಿಟ್ಟಿ ಊಟ!"

"ಹೊಟ್ಟೇಲಿ ಜಾಗ ಕಾದಿರಿಸಿದ್ದೀನಿ," ಎಂದು ಪೆಲತ್ಯ ಜೊಲ್ಲು ನುಂಗಿದ. "ಮನೇಲಿ ಕುರಿಮಾಂಸ ಬೇಯ್ತಿದೆ."

ಒಳಗೆ ಹಿರಿಯರು ಒಬ್ಬೊಬ್ಬರನ್ನೇ ಕರೆದು ವಿಚಾರಿಸಿದರು. "ಚಂದ್ರ ಎಷ್ಟು ಎತ್ತರದಲ್ಲಿತ್ತಪ್ಪ?"

"ಎರಡಾಳೆತ್ತರ, ಸ್ವಾಮಿ."

"ಚಂದ್ರನ ಕೊಂಬು ಯಾವ ಕಡೆಗೆ ಬಾಗಿತ್ತು?"

"ನಮ್ಮನೆ ಒಲೆ ಕಡೆಗೆ... ಅಲ್ಲ, ಅಲ್ಲ, ಉತ್ತರಕ್ಕೆ ಸ್ವಾಮಿ!"

ಹನಮೇಲನ ಮಾತೂ ತಾಳೆಯಾಯಿತು. ಮುಖ್ಯಸ್ಥರು ಎದ್ದು ನಿಂತು, "ಹೊಸ ತಿಂಗಳು ಪವಿತ್ರವಾಯಿತು!" ಎಂದರು. "ಪವಿತ್ರ! ಪವಿತ್ರ!" ಎಂದು ಸಭೆ ಗುಡುಗಿತು. ಪೆಲತ್ಯ ಬಾಗಿಲ ಕಾವಲುಗಾರನ ಎರಡೂ ಕೆನ್ನೆಗೆ ಮುತ್ತಿಟ್ಟ. "ನಿಸಾನ್ ಹುಟ್ಟಿತು!"

"ನಿಸಾನ್ ಅಂತ ಯಾರಪ್ಪ ಅಂದದ್ದು?" ಕೆನ್ನೆ ಒರೆಸಿಕೊಳ್ಳುತ್ತ ಕಾವಲುಗಾರ ಕೇಳಿದ. "ಹೊಲದಲ್ಲಿ ಜವೆಗೋಧಿ ಇನ್ನೂ ಹಸಿರು. ನಿಸಾನ್ ನಡುವೆ ಬರೋ ಪಸ್ಕ ಹಬ್ಬದ ಹೊತ್ತಿಗೆ ತೆನೆ ಬಲಿಯೋದಿಲ್ಲ. ಅದಕ್ಕೇ ಹಿರಿಯರು ನಿನ್ನೆ ಅಧಿಕ ಮಾಸ ಸೇರಿಸಿದ್ರಲ್ಲ. ಈಗ ಹುಟ್ಟಿದ್ದು ಎರಡನೇ ಅದಾರ್. ನಿಮ್ಮ ಸಾಕ್ಷಿಯಿಂದಲೇ!"

ಪೆಲತ್ಯ ಅಂಗಳಕ್ಕೆ ಓಡಿದ. ಔತಣದ ಹಲಗೆಗಳನ್ನು ತೊಳೆಯುತ್ತಿದ್ದರು.

ಮರಳುವ ದಾರಿಯಲ್ಲಿ ಹನಮೇಲ ತೇಗಿ ಹೇಳಿದ: "ಅಳಬೇಡ್ವೋ. ಊರಿನ ಮೂವರ ಮುಂದೆ ನಿಂತು 'ತಪ್ಪಾಯ್ತು, ದುಡುಕಿದೆ' ಅನ್ನು. ಅವರು ಹರಕೆ ಬಿಡಿಸ್ತಾರೆ."

"ಮೂವರ ಮುಂದೆ ತಪ್ಪೊಪ್ಕೋಬೇಕಾ? ಅವಳೂ ಕೇಳಿಸ್ಕೋತಾಳೆ!" ಎಂದ ಪೆಲತ್ಯ. ಹತ್ತು ಹೆಜ್ಜೆ ನಡೆದ. ಆಮೇಲೆ ಓಡತೊಡಗಿದ. ಈ ಸಲ ಕತ್ತೆ ಹಿಂದೆ ಬಿತ್ತು.

ಹುಡುಕುವ ಕಷ್ಟವೇ ಇರಲಿಲ್ಲ. ನೆರೆಯ ಮೂವರು ಮುದುಕರು ಅವನ ಮನೆಯಲ್ಲೇ ಚಾಪೆಯ ಮೇಲೆ ಸಾಲಾಗಿ ಕೂತಿದ್ದರು. ನಡುವೆ ಆವಿಯಾಡುವ ಮಡಕೆ.

"ಅಧಿಕ ಮಾಸದ ಸುದ್ದಿ ನಿಮಗಿಂತ ಮೊದಲೇ ಬಂತು ರೀ," ಎಂದಳು ಶಪೀರಾ. "ನೀವಂತೂ ಮುಟ್ಟೋ ಹಾಗಿಲ್ಲ. ಇಷ್ಟು ಮಾಂಸ ಹಾಳಾಗಬಾರದಲ್ಲ, ಇವರನ್ನ ಕರೆದೆ."

"ಅಯ್ಯಾ, ತಪ್ಪಾಯ್ತು! ದುಡುಕಿದೆ! ಇವಳಂಥ ಅಡುಗೆಯವಳು ಊರಲ್ಲೇ ಇಲ್ಲ! ಹರಕೆ ಬಿಡಿಸಿ!"

ಶಪೀರಾಳ ಮುಖ ಅರಳಿತು. ಹಿರಿಯ ಮುದುಕ ಎಲುಬು ಚೀಪುತ್ತಲೇ ಕೈಯೆತ್ತಿದ. "ಬಾಯಲ್ಲಿ ತುತ್ತಿಟ್ಟುಕೊಂಡು ತೀರ್ಪು ಹೇಳೋದು ಧರ್ಮವಲ್ಲ ಮಗಾ. ಕೂತ್ಕೋ. ಊಟ ಮುಗೀಲಿ. ಶಪೀರಮ್ಮಾ, ಇನ್ನೊಂದು ಸೌಟು ಹಾಕು."

ಅವರು ಧರ್ಮ ಬಿಡಲಿಲ್ಲ. ಮಡಕೆಯ ತಳವನ್ನು ರೊಟ್ಟಿಯಿಂದ ಒರೆಸಿ, ಕೈ ತೊಳೆದು, ಗಡ್ಡ ನೇವರಿಸಿ, ಮೂವರೂ ಒಂದೇ ದನಿಯಲ್ಲಿ ಹೇಳಿದರು: "ಹರಕೆ ಬಿಟ್ಟಿತು. ಹೊಟ್ಟೆ ತುಂಬ ಉಣ್ಣು, ಹೋಗು!"