ಹೊರಗಿನ ದೀಪ ಮತ್ತು ನಾನು ಗೆದ್ದ ವಾದ

ವಾದದಲ್ಲಿ ಗೆಲ್ಲುವುದು ಕೆಟ್ಟ ಚಟ. ಕಾಲೇಜಿನಲ್ಲಿ ಅದಕ್ಕೆ ಕಪ್ ಕೊಡುತ್ತಾರೆ. ಮನೆಯಲ್ಲಿ ಗೆದ್ದರೆ ಗೆಲುವನ್ನು ಗೋಡೆಗೆ ಜಡಿದುಕೊಂಡು ದಿನಾ ನೋಡಬೇಕು. ಧಾರವಾಡದ ಚರ್ಚಾಸ್ಪರ್ಧೆಗಳಲ್ಲಿ ಬೆಳಿಗ್ಗೆ ಪರವಾಗಿ, ಮಧ್ಯಾಹ್ನ ವಿರೋಧವಾಗಿ ಮಾತಾಡಿ ಎರಡರಲ್ಲೂ ಗೆದ್ದವಳು ನಾನು. ಈಗ ಒಂದು ದೀಪದ ಮುಂದೆ ಸೋತು ಕೂತಿದ್ದೇನೆ.

ಮಳೆಗಾಲದಲ್ಲಿ ಅವ್ವ ಮನೆಯ ಮುಂದಿನ ಮೆಟ್ಟಿಲಲ್ಲಿ ಕತ್ತಲೆಗೆ ಜಾರಿ ಕಾಲು ಉಳುಕಿಸಿಕೊಂಡಳು. ಕಾಲು ನೆಟ್ಟಗಾಯಿತು, ಓಣಿಯ ಮಠದ ಸಂಜೆ ಭಜನೆಗೆ ಹೋಗುವುದು ಮಾತ್ರ ನಿಂತೇ ಹೋಯಿತು. "ಮನಸ್ಸಿಲ್ಲ ಬಿಡವಾ" ಅನ್ನುತ್ತಾಳೆ. ಆ ಹೊತ್ತಿಗೆ ಸರಿಯಾಗಿ ಕಿಟಕಿಯ ಹತ್ತಿರ ಕೂತು ತೊಡೆಯ ಮೇಲೆ ತಾಳ ಹಾಕುತ್ತಾಳೆ. ನೋಡಲಾಗದೆ, ಕತ್ತಲಾದರೆ ತಾನೇ ಹತ್ತಿ ಬೆಳಕಾದರೆ ತಾನೇ ಆರುವ ಸೆನ್ಸರ್ ದೀಪ ತಂದೆ.

ಎಲೆಕ್ಟ್ರಿಷಿಯನ್ ಬಸಣ್ಣ, "ಅಕ್ಕಾರ, ಒಳಗೊಂದು ಸ್ವಿಚ್ ಇರ್ಲಿ" ಎಂದ.

"ಯಾಕ?"

"ಎಲ್ಲಾರ ಮನ್ಯಾಗೂ ಇರ್ತೈತ್ರಿ."

ಎಲ್ಲರೂ ಮಾಡುತ್ತಾರೆ ಅನ್ನುವುದು ಒಂದು ಕಾರಣವೇ? ತಾನೇ ಹತ್ತುವುದಕ್ಕೆ ಸ್ವಿಚ್ ಇಡುವುದೆಂದರೆ ವಿಜ್ಞಾನಕ್ಕೇ ಅವಮಾನ ಎಂದು ಅವನಿಗೆ ಮನವರಿಕೆ ಮಾಡಿಕೊಟ್ಟೆ. ಅದೇ ಭರದಲ್ಲಿ, ಮಳೆ ಬಡಿಯದಂತೆ ಸೆನ್ಸರನ್ನು ದೀಪದ ಕೆಳಗೇ ಕೂರಿಸಬೇಕೆಂದೂ ಸಾಧಿಸಿದೆ. ಬಸಣ್ಣ ಗಡಿಯಾರ ನೋಡಿ, "ಆತ್ ಬಿಡ್ರಿ, ನೀವ್ ಹೇಳಿದ್ದ ಖರೇ" ಎಂದು ಡ್ರಿಲ್ ಒತ್ತಿದ. ನನ್ನ ದುರದೃಷ್ಟ, ಅವನಿಗೂ ಹೆಚ್ಚು ತಿಳಿದಿರಲಿಲ್ಲ.

ಸಂಜೆ ದೀಪ ಹತ್ತಿತು. ಭಜನೆಗೆಂದು ಚಪ್ಪಲಿ ಮೆಟ್ಟಿ ನಿಂತಿದ್ದ ಅವ್ವ ಕೈ ಮುಗಿದಳು. ನಮ್ಮ ಮನೆಯಲ್ಲಿ ದೀಪ ಹತ್ತಿದಾಗ ಹಾಗೆಯೇ. ತನ್ನದೇ ಬೆಳಕು ಕಂಡ ಸೆನ್ಸರ್ ಬೆಳಗಾಯಿತೆಂದುಕೊಂಡು ದೀಪ ಆರಿಸಿತು. ಕತ್ತಲಾಯಿತು, ಮತ್ತೆ ಹತ್ತಿಸಿತು. ಥೇಟ್ ನನ್ನ ಹಾಗೆ, ಒಂದೇ ಬಾಯಲ್ಲಿ ಪರ, ವಿರೋಧ. ಅಷ್ಟರಲ್ಲಿ ಅವ್ವ ಎರಡನೇ ಮೆಟ್ಟಿಲಿಗೆ ಇಳಿದಿದ್ದಳು. ದೀಪ ಹತ್ತಿದ್ದೇ ತಡ, ಹಿಡಿದ ಕಂಬಿ ಬಿಟ್ಟು ಮತ್ತೆ ಕೈ ಮುಗಿದಳು. ನಾನು ಓಡಿಹೋಗಿ ಅವಳ ತೋಳು ಹಿಡಿದೆ.

"ಒಮ್ಮೆ ಮುಗದ್ರ ಸಾಕವಾ!"

"ಹತ್ತಿದ ದೀಪಕ್ಕ ಕೈ ಮುಗೀದ ಹ್ಯಾಂಗ ಹೋಗ್ಲಿ? ಅದಕ್ಕರ ಹೇಳು, ಒಂದು ಕಡೆ ನಿಲ್ಲು ಅಂತ."

ವಾಪಸ್ ಹತ್ತಿ ಒಳಗೆ ಹೋದಳು. ಕಿಟಕಿ, ತೊಡೆ, ತಾಳ.

ಸೆನ್ಸರಿಗೆ ಕಪ್ಪು ಟೇಪ್ ಅಂಟಿಸಿದೆ. ದೀಪ ಮಟಮಟ ಮಧ್ಯಾಹ್ನವೂ ಉರಿಯಿತು. ಆರಿಸೋಣವೆಂದರೆ ಸ್ವಿಚ್ ಇಲ್ಲ. ಬಸಣ್ಣನಿಗೆ ಫೋನ್ ಮಾಡಿದರೆ, "ನಿಮ್ಮ ಮನ್ಯಾಗ ಕೆಲಸ ಸಣ್ಣದು, ಮಾತು ಭಾಳ ಅಕ್ಕಾರ. ಮುಂದಿನ ವಾರ ನೋಡೂಣು" ಎಂದ. ಯಾವ ವಾರದ ಮುಂದಿನದು ಎಂದು ಕೇಳುವಷ್ಟರಲ್ಲಿ ಇಟ್ಟುಬಿಟ್ಟ.

ಕೊನೆಗೆ ಬಲ್ಬ್ ಕಳಚಿಟ್ಟೆ. ಈಗ ದಿನಾ ಸಂಜೆ ಮೊಬೈಲ್ ಟಾರ್ಚ್ ಹಿಡಿದು ಮೆಟ್ಟಿಲ ಬಳಿ ನಾನೇ ನಿಲ್ಲುತ್ತೇನೆ. ಅವ್ವ ಬಾಗಿಲಲ್ಲೇ ಒಮ್ಮೆ ಕೈ ಮುಗಿಯುತ್ತಾಳೆ, ಆಮೇಲೆ ನನ್ನ ಹೆಗಲು ಹಿಡಿದು ಇಳಿಯುತ್ತಾಳೆ. ಮೊದಲ ದಿನ ನಾನು, ತಾತ್ವಿಕವಾಗಿ ನನ್ನ ವಾದದಲ್ಲಿ ತಪ್ಪೇನೂ ಇರಲಿಲ್ಲ ಎಂದು ವಿವರಿಸತೊಡಗಿದೆ.

"ಸುಮ್ನ ಹಿಡಿ. ದೀಪ ಎಲ್ಲೆರ ಮಾತಾಡ್ತೈತೇನು?" ಎಂದಳು.

ಉತ್ತರವಿತ್ತು. ಆದರೆ ಮಾತಾಡುವಾಗ ನನ್ನ ಕೈ ಆಡುತ್ತದೆ, ಬೆಳಕೂ ಅಲುಗುತ್ತದೆ. ನುಂಗಿಕೊಂಡೆ.