ಬಾಡೂಟಕ್ಕೊಂದು ಸಿ ಪ್ರೋಗ್ರಾಮು

ನಮ್ಮ ವಂಶದ ಏಕೈಕ ಪದವೀಧರ ನಾನು. ಕೊತ್ತತ್ತಿಯ ಗದ್ದೆಗೆ ನೀರು ಕಟ್ಟುತ್ತಲೇ ಓದಿ ಪಾಸಾದವನು. ಹಾಗಾಗಿ ತಮ್ಮನ ಬೀಗರೂಟದ ಲೆಕ್ಕಕ್ಕೆ ಸಿ ಭಾಷೆಯಲ್ಲಿ ಪ್ರೋಗ್ರಾಮು ಬರೆಯುವುದು ನನ್ನ ಪವಿತ್ರ ಕರ್ತವ್ಯವೆಂದು ತೀರ್ಮಾನಿಸಿದೆ. ಪ್ರಶ್ನೆ ಎರಡೇ: ‘ಎಷ್ಟು ಜನ?’ ‘ಬಾಡು ತಿನ್ನುತ್ತೀರಾ?’ ವೈ ಒತ್ತಿದರೆ ಬಾಡು. ಬೇರೇನು ಬಂದರೂ ಸಸ್ಯಾಹಾರಿ. ಇದರಲ್ಲಿ ತಪ್ಪುವುದೇನಿದೆ!

ಉದ್ಘಾಟನೆಗೆ ಕೊಪ್ಪದಿಂದ ಸೋದರಮಾವ, ಅಂದರೆ ಅಮ್ಮನ ಅಣ್ಣ, ಬಂದು ಲ್ಯಾಪ್‌ಟಾಪಿನ ಮುಂದೆ ಕೂತರು. ಐದು ಒತ್ತಿ ಎಂಟರ್ ಕುಟ್ಟಿದೆ. ಎರಡನೇ ಪ್ರಶ್ನೆ ಬಂತು. ನಾನು ವೈ ಮುಟ್ಟುವ ಮೊದಲೇ ಉತ್ತರವೂ ಬಂತು: ‘ಸಸ್ಯಾಹಾರಿ.’

“ಯಾರ್ಲಾ? ನಾನಾ? ಯಾವ ಬೀಗರೂಟದಲ್ಲೂ ಮೊದಲ್ನೇ ಪಂಕ್ತಿ ಬುಟ್ಟೋನಲ್ಲ ಕಣ್ಲಾ!” ಮಾವ ಟವೆಲ್ಲು ಕೊಡವಿ ಎದ್ದರು. “ಈ ಡಬ್ಬ ಸರಿಯಾಗೋಗಂಟ ನಾನು ಊಟಕ್ಕೆ ಬರಾಕಿಲ್ಲ!”

ಸೋದರಮಾವನಿಲ್ಲದ ಬೀಗರೂಟ! ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ನನಗೆ ಮೈಯೆಲ್ಲ ಉರಿಯಿತು. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕೆಂಬ ಕನಿಷ್ಠ ಮರ್ಯಾದೆ ಬೇಡವೇ? ಮತ್ತೆ ಐದು ಒತ್ತಿ ಎಂಟರನ್ನು ಗುದ್ದಿದೆ. ಸಸ್ಯಾಹಾರಿ. ಕೀಬೋರ್ಡೇ ಕೆಟ್ಟಿದೆ ಎಂದು ಬೈಕೇರಿ ಮದ್ದೂರಿನಿಂದ ಹೊಸದು ತಂದು ಚುಚ್ಚಿದೆ. ಈ ಸಲ ನನ್ನ ಲೆಕ್ಕವನ್ನೇ ಕೊಟ್ಟೆ: ಒಬ್ಬ, ಎಂಟರ್. ಸಸ್ಯಾಹಾರಿ!

“ಕೀಬೋರ್ಡು ಹೊಸದು ತಂದಾಯ್ತು. ಇನ್ನು ಮಾವನ್ನೂ ಹೊಸದು ತತ್ತೀರಾ?” ಎಂದಳು ಹೆಂಡತಿ ಜಯಂತಿ.

ಕೊನೆಗೆ ಹಳೇ ಪಠ್ಯಪುಸ್ತಕ ತೆಗೆದೆ. ನಾನು ಒತ್ತುವ ಎಂಟರ್ ಕೂಡ ಒಂದು ಅಕ್ಷರವಂತೆ! ಸಂಖ್ಯೆ ಓದುವ ಸ್ಕ್ಯಾನೆಫ್ ಎಂಬ ಆಜ್ಞೆ ಐದನ್ನಷ್ಟೇ ಎತ್ತಿಕೊಂಡು ಎಂಟರನ್ನು ಬಾಗಿಲಲ್ಲೇ ಬಿಟ್ಟಿದೆ. ಮುಂದಿನ ಸ್ಕ್ಯಾನೆಫ್ ಅದನ್ನೇ ಉತ್ತರವೆಂದು ಹಿಡಿದಿದೆ. ಆ ಎರಡನೆಯದರಲ್ಲಿ ಅಕ್ಷರದ ಗುರುತಿನ ಮುಂಚೆ ಒಂದು ಖಾಲಿ ಜಾಗ ಸೇರಿಸಿದರೆ ಮುಗಿಯಿತು, ಅದು ಎಂಟರನ್ನು ದಾಟಿ ನಿಜವಾದ ಉತ್ತರಕ್ಕೆ ಕಾಯುತ್ತದೆ. ಇದನ್ನೇ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನೂ ನಾನೇ!

ಸೇರಿಸಿದೆ. ಮಾವನನ್ನು ಕರೆತಂದೆ.

“ನೀವೇ ಒತ್ತಿ, ಮಾವ.”

ಐದು, ಎಂಟರ್. ಪ್ರಶ್ನೆ ಬಂತು. ಯಂತ್ರ ಕಾಯಿತು! ಮಾವ ಗಂಭೀರವಾಗಿ ವೈ ಒತ್ತಿ ಎಂಟರ್ ಹೊಡೆದರು.

‘ಸಸ್ಯಾಹಾರಿ.’

ಹೊಸ ಕೀಬೋರ್ಡಿನಲ್ಲಿ ಕ್ಯಾಪ್ಸ್ ಲಾಕ್ ಹತ್ತಿಕೊಂಡಿತ್ತು. ದೊಡ್ಡ ವೈ ಅಂದರೂ ಹೌದು ಎಂದೇ ಅರ್ಥ ಎಂದು ಪ್ರೋಗ್ರಾಮಿಗೆ ನಾನು ಹೇಳಿಕೊಟ್ಟಿರಲಿಲ್ಲ.

“ಅದ್ನ ಬುಡಣ್ಣ, ನಲ್ಲಿಮೂಳೆ ನಾನೇ ನಿಂತು ಬಡಿಸ್ತೀನಿ,” ಎಂದು ಅಮ್ಮ ಅಂಗಲಾಚಿದಳು.

ಮಾವ ನನ್ನನ್ನೇ ದಿಟ್ಟಿಸಿದರು. “ಬತ್ತೀನಿ ಬುಡಮ್ಮಿ. ಇವನ ಲೆಕ್ಕ ಏನ್ ಬಂದಿತ್ತು?”

“ಇವರೂ ಸಸ್ಯಾಹಾರಿನೇ ಮಾವ,” ಎಂದಳು ಜಯಂತಿ, ನನ್ನವಳೇ!

ಬೀಗರೂಟದ ಮೊದಲ ಪಂಕ್ತಿಯಲ್ಲಿ ಮಾವ, ಪಕ್ಕದಲ್ಲಿ ನಾನು. ಬಾಡಿನ ಬಕೆಟ್ಟು ನನ್ನ ಎಲೆಯ ಮೇಲೆ ಬಾಗಿದಾಗ ಮಾವ ಕೈ ಅಡ್ಡ ಹಿಡಿದರು. “ಇವನ್ಗೆ ಬ್ಯಾಡ ಕಣ್ಲಾ. ಕಂಪ್ಯೂಟ್ರೇ ಏಳೈತೆ!”

ವಂಶದ ಏಕೈಕ ಪದವೀಧರ, ಪಂಕ್ತಿಯ ಏಕೈಕ ಸಸ್ಯಾಹಾರಿಯಾಗಿ ತಿಳಿಸಾರಿನಲ್ಲಿ ಮುದ್ದೆ ಮುರಿದೆ.