ತುಕ್ಕಿಗೊಂದು ಸಾಕ್ಷಿ

ಆ ಸೋಮವಾರ ಬೆಳಿಗ್ಗೆ ಅನಂತಮೂರ್ತಿಯವರು ಹಲ್ಲುಜ್ಜುತ್ತ ಬೇಲಿಯ ತನಕ ಬರದೇ ಇದ್ದಿದ್ದರೆ ಶಿವಪುತ್ರಪ್ಪನ ದಿನ ನೆಟ್ಟಗೆ ಸಾಗುತ್ತಿತ್ತು. ಬಂದರು. ಬಂದವರು ಸುಮ್ಮನಿರದೆ ಬಗ್ಗಿ, ಪಕ್ಕದ ಮನೆಯ ತಗಡಿನ ಮಾಡಿನ ಕೆಳಗೆ ನಿಂತಿದ್ದ ಕಾರಿನ ಗಾಲಿಯ ತೂತಿನೊಳಗೆ ಇಣುಕಿದರು.

"ಶಿವಪುತ್ರಪ್ಪಾ, ಒಳಗೆಲ್ಲ ಎಂತದು ಮಾರಾಯಾ, ಕೆಂಪು ಕೆಂಪು?"

"ತುಕ್ಕುರೀ. ಮೂರು ವಾರ ಹೊಡದ ಮಳಿ ಇವತ್ತರ ಬಿಟ್ಟದ. ಬ್ರೇಕ್ ಡ್ರಮ್ಮು ಅದು."

"ಬ್ರೇಕಿಗೇ ತುಕ್ಕಾ! ಇವತ್ತು ಬ್ರೇಕ್ ಇನ್‌ಸ್ಪೆಕ್ಟರ್ ಬರೋ ದಿನ ಅಲ್ದಾ?"

ಬನವಾಸಿ ಕಡೆಯ ಶಿವಪುತ್ರಪ್ಪ ಶಿರಸಿಗೆ ಬಂದು ಒಂದು ಹಳೆಯ ಇಂಗ್ಲಿಷ್ ಕಾರನ್ನು ಬಾಡಿಗೆಗೆ ಓಡಿಸಲು ತೊಡಗಿ ಹನ್ನೆರಡು ವರ್ಷವಾಗಿತ್ತು. ಸಿದ್ದಾಪುರ, ಯಲ್ಲಾಪುರ, ಕರೆದರೆ ಅರಬೈಲ್ ಘಟ್ಟ ಇಳಿದು ಅಂಕೋಲೆಯವರೆಗೂ ಹೋಗುವವನು. ಘಟ್ಟದ ತಲೆಗೆ ಬಂದಾಗ ಎಂಥ ಅವಸರದ ಬಾಡಿಗೆಯಿದ್ದರೂ ಇಳಿದು, ನಾಲ್ಕೂ ಗಾಲಿ ನೋಡಿ, ಬ್ರೇಕ್ ಒತ್ತಿ ನೋಡಿಯೇ ಮುಂದುವರಿಯುತ್ತಿದ್ದ. ಗಾಲಿಯ ಒಳಗೆ ಬೋಗುಣಿ ಮಗುಚಿಟ್ಟ ಹಾಗೆ ಕೂತಿರುವ ಆ ಡ್ರಮ್ಮಿನ ಹೊರಮೈಗೆ ತುಕ್ಕು ಹಿಡಿದರೆ ಏನೂ ಆಗುವುದಿಲ್ಲ, ಬ್ರೇಕ್ ತುಳಿದಾಗ ಲೈನರ್ ಪಟ್ಟಿ ಒತ್ತಿ ಹಿಡಿಯುವ ಒಳಮೈ ಚೊಕ್ಕವಾಗಿದ್ದರೆ ಸಾಕು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಇನ್‌ಸ್ಪೆಕ್ಟರಿಗೆ ಬೇರೆ ಥರ ಕಾಣಬಹುದೆಂದು ಅವನು ಆವರೆಗೆ ಯೋಚಿಸಿರಲಿಲ್ಲ. ಈಗ ಯೋಚಿಸಿದ. ಪಾಸಿಂಗ್ ಆಗದಿದ್ದರೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಬುಧವಾರ ಮಗಳು ಶಾರದವ್ವನನ್ನು ಚೊಚ್ಚಲ ಹೆರಿಗೆಗೆ ಬನವಾಸಿಯಿಂದ ಕರೆತರಬೇಕು. ನಮ್ಮ ಕಾರಿನಾಗ ಕರ್ಕೊಂಡು ಹೋಗ್ತೀನಿ ಎಂದು ಬೀಗರ ಎದುರು ಎದೆಯುಬ್ಬಿಸಿ ಹೇಳಿ ಬಂದಿದ್ದ.

"ತಿಕ್ಕಿದರೆ ಹೋಗ್ತದೆ ಬಿಡು," ಎಂದರು ಅನಂತಮೂರ್ತಿಯವರು. ಪೋಸ್ಟ್ ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ಊರಿನವರ ತೊಂದರೆಗಳೇ ಅವರ ಟಪಾಲು. ಬಂದದ್ದನ್ನು ಆವತ್ತೇ ವಿಲೇವಾರಿ ಮಾಡದೆ ಬಿಡುತ್ತಿರಲಿಲ್ಲ. "ನಿಂಬೆಹಣ್ಣು, ಉಪ್ಪು. ನಮ್ಮನೇಲಿ ತಾಮ್ರದ ಹಂಡೆ ತಿಕ್ಕೋದು ಅದರಲ್ಲೇ."

ನಾಲ್ಕೂ ಗಾಲಿ ಬಿಚ್ಚಿ ಡ್ರಮ್ಮುಗಳನ್ನು ಹೊರತೆಗೆದು ಅಂಗಳದಲ್ಲಿ ಸಾಲಾಗಿ ಇಟ್ಟಿದ್ದಾಯಿತು. ಶಿವಪುತ್ರಪ್ಪನ ಹೆಂಡತಿ ನೀಲಗಂಗವ್ವ ನಿಂಬೆಹಣ್ಣು ಹೆಚ್ಚಿ ಕೊಟ್ಟಳು. ಮೂವರೂ ತಿಕ್ಕಿದರು. ಅಂಚಿನ ಗುಳಿಗಳಷ್ಟು ಬಿಟ್ಟು ಡ್ರಮ್ಮುಗಳು ಬೆಳ್ಳಗೆ ಹೊಳೆದವು. ಚಹಾ ಕುಡಿದು ಬಂದು ನೋಡುವಷ್ಟರಲ್ಲಿ ಮತ್ತೆ ತುಕ್ಕೆದ್ದಿತ್ತು. ಈ ಸಲ ಎಲೆಯಡಿಕೆ ಕವಳ ಹಾಕಿದವನ ಬಾಯಿಯಷ್ಟು ಕೆಂಪು.

"ಮೊದಲಽ ಚಲೋ ಇತ್ತಲ್ರೀ," ಎಂದಳು ನೀಲಗಂಗವ್ವ.

ಗದ್ದಲ ಕೇಳಿ ಅನಂತಮೂರ್ತಿಯವರ ಹೆಂಡತಿ ಸುಬ್ಬಲಕ್ಷ್ಮಿ ಬೇಲಿ ದಾಟಿ ಬಂದರು. ಸಂಗತಿ ತಿಳಿದು ಗಂಡನ ಕಡೆ ತಿರುಗಿ, "ಕಬ್ಬಿಣಕ್ಕೆ ಯಾರಾದ್ರೂ ಹುಳಿ ಹಚ್ತ್ವಾ? ನಿಂಗಕ್ಕೆ ಎಂತೂ ಗೊತ್ತಿಲ್ಲೆ, ಸುಮ್ನಿರಿ," ಎಂದು ಗದರಿ ಒಳಗೆ ಹೋದವರು ಒಂದು ಗಡಿಗೆ ಚೊಗರು ತಂದರು. ಅಡಿಕೆ ಬೇಯಿಸಿದಾಗ ಉಳಿಯುವ ಗಟ್ಟಿ ಕಷಾಯ ಅದು. ಮುಂದಿನ ವರ್ಷದ ಅಡಿಕೆಗೆ ಬಣ್ಣ ಕೊಡಲು ಅವರ ತವರಿನಿಂದ ತಂದು ಎತ್ತಿಟ್ಟದ್ದು. "ಇದರ ಒಂದು ಹನಿ ಮೆಟ್ಟುಗತ್ತಿ ಮೇಲೆ ಬಿದ್ರೆ ಕಪ್ಪಾಗ್ತದೆ ಶಿವಪುತ್ರಪ್ಪಾ. ಆ ಕಪ್ಪು ಜನ್ಮಕ್ಕೆ ಹೋಗೋದಿಲ್ಲ, ಮತ್ತೆ ತುಕ್ಕೂ ಹಿಡಿಯೋದಿಲ್ಲ."

ಬಳಿದರು. ಕೆಂಪು ಕಂದಾಯಿತು, ಕಂದು ನೀಲಿಗಟ್ಟಿತು. ಅರ್ಧ ಗಂಟೆಯಲ್ಲಿ ಡ್ರಮ್ಮುಗಳು ತೊಟ್ಟಿಲ ಕೂಸಿನ ಹಣೆಯ ಕಪ್ಪಿನ ಹಾಗೆ ಮಿರುಗತೊಡಗಿದವು. ಶಿವಪುತ್ರಪ್ಪನಿಗೆ ಒಂದು ಗಳಿಗೆ ಅಳುಕಾಯಿತು. ಹನ್ನೆರಡು ವರ್ಷದಲ್ಲಿ ಅವನು ಗಾಡಿಯ ಯಾವ ಕುಂದನ್ನೂ ಮುಚ್ಚಿಟ್ಟವನಲ್ಲ. ಹಿಂದಿನ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ ಎಂಬುದನ್ನು ಹತ್ತುವವರಿಗೆಲ್ಲ ತಾನೇ ಹೇಳುತ್ತಿದ್ದ. ಇದೇನು ಕುಂದಲ್ಲ, ಬರೀ ಬಣ್ಣ ಎಂದು ಸಮಾಧಾನ ಮಾಡಿಕೊಂಡು ಗಾಲಿ ಜೋಡಿಸಿದ.

ಮಧ್ಯಾಹ್ನ ಸರಕಾರಿ ಬಂಗಲೆಯ ಬಯಲಿನಲ್ಲಿ ಮೇಜು ಹಾಕಿಕೊಂಡು ಕಾರವಾರದ ಇನ್‌ಸ್ಪೆಕ್ಟರು ಕೂತಿದ್ದರು. ಶಿವಪುತ್ರಪ್ಪನ ಸರದಿ ಬಂದಾಗ ಬಗ್ಗಿ ಗಾಲಿ ನೋಡಿದರು. ಇನ್ನೊಂದು ಗಾಲಿ ನೋಡಿದರು. ಆಮೇಲೆ ಒಂದು ಗಾಲಿ ಬಿಚ್ಚಿಸಿದರು.

"ಹೊಸ ಡ್ರಮ್ಮು," ಎಂದರು. "ಎಲ್ಲಿ ತಂದೆ?"

ಶಿವಪುತ್ರಪ್ಪ ನಕ್ಕ. ಇನ್‌ಸ್ಪೆಕ್ಟರು ನಗಲಿಲ್ಲ.

"ಚೀನಾ ಯುದ್ಧ ಆದ ಮೇಲೆ ಹೊರದೇಶದ ಸಾಮಾನು ಮುಂಬೈಗೇ ಬರ್ತಿಲ್ಲ. ನಿನಗೆ ಶಿರಸಿಯಲ್ಲಿ ನಾಲ್ಕು ಸಿಕ್ಕಿದವೋ?" ಎಂದವರು ಮರದಡಿ ನಿಂತಿದ್ದ ಹವಾಲ್ದಾರ ದ್ಯಾಮಪ್ಪನನ್ನು ಕರೆದರು. ಹೋದ ವಾರ ಯಲ್ಲಾಪುರದಲ್ಲಿ ಒಬ್ಬ ರಸ್ತೆ ಕಾಂಟ್ರಾಕ್ಟರನ ಶೆಡ್ಡಿನಿಂದ ಇಂಥದೇ ಕಾರಿನ ನಾಲ್ಕು ಡ್ರಮ್ಮು ಕಳವಾಗಿದ್ದವು.

"ರಸೀದಿ ತೋರ್ಸು," ಎಂದ ದ್ಯಾಮಪ್ಪ.

ಹೊಸದು ಎಂದರೆ ಕಳ್ಳ. ಹಳೆಯದು ಎಂದರೆ ಮೋಸಗಾರ.  ಶಿವಪುತ್ರಪ್ಪ ನಿಜವನ್ನೇ ಹೇಳಿದ. "ಹೊಸಾವಲ್ರಿ ಸಾಹೇಬ್ರ. ತುಕ್ಕು ಹಿಡದಾವು. ಮ್ಯಾಲೆ ಅಡಿಕಿ ಚೊಗರು ಹಚ್ಚೇನ್ರಿ."

ಇನ್‌ಸ್ಪೆಕ್ಟರು ಉಗುರಿನಿಂದ ಕೆರೆದರು. ಕಪ್ಪು ಹೋಗಲಿಲ್ಲ. ಪೆಟ್ರೋಲಿನ ಬಟ್ಟೆಯಿಂದ ಒರೆಸಿದರು. ಹೋಗಲಿಲ್ಲ. "ನನಗೇ ಕತೆ ಹೇಳ್ತೀಯ?"

ಅಷ್ಟರಲ್ಲಿ ಅನಂತಮೂರ್ತಿಯವರು ಕೊಡೆ ಹಿಡಿದು ಧಾವಿಸಿ ಬಂದರು. "ಸಾಕ್ಷಿ ನಾನು ಹೇಳ್ತೇನೆ! ಬೆಳಿಗ್ಗೆ ಎಂಟು ಗಂಟೆಗೆ ಇವ ನಾಲ್ಕೂ ಗಾಲಿ ಬಿಚ್ಚಿದ್ದು ನಾನೇ ಕಣ್ಣಾರೆ ನೋಡಿದ್ದೇನೆ. ಆವಾಗ ಕೆಂಪು ತುಕ್ಕಿನ ಡ್ರಮ್ಮು. ಹನ್ನೆರಡಕ್ಕೆ ಜೋಡಿಸುವಾಗ ಹೊಸದರ ಹಾಗೆ ಕಪ್ಪು!"

ದ್ಯಾಮಪ್ಪ ಅದನ್ನು ಅಕ್ಷರಶಃ ಬರೆದುಕೊಂಡ.

ಶಿವಪುತ್ರಪ್ಪ ಕಾಲಬಳಿ ಬಿದ್ದಿದ್ದ ಕೆಂಪು ಚಿರೆಕಲ್ಲಿನ ಚೂರೆತ್ತಿ ಡ್ರಮ್ಮನ್ನು ತಿಕ್ಕಿದ. ಕೆಂಪು ಪುಡಿ ಉದುರಿತು. "ನೋಡ್ರಿ, ತುಕ್ಕು!" ಎಂದ.

"ಅದು ಕಲ್ಲಿನ ಕೆಂಪೋ," ಎಂದ ದ್ಯಾಮಪ್ಪ.

ಕೊನೆಗೆ ಗಾಡಿಯ ಪೆಟ್ಟಿಗೆಯಿಂದ ಕಬ್ಬಿಣ ಉಜ್ಜುವ ಕಾನಸು ತಂದು, ಮಂಡಿಯೂರಿ, ಬೆವರು ಕಣ್ಣಿಗಿಳಿಯುವವರೆಗೆ ಉಜ್ಜಿದ. ಕಪ್ಪು ಪದರ ಹರಿದು ಅಡಿಯ ಗುಳಿಗಳಿಂದ ಹಳೆಯ ತುಕ್ಕು ಚಕ್ಕೆಚಕ್ಕೆಯಾಗಿ ಎದ್ದಿತು. ಬಹಳ ವರ್ಷದ ಮೇಲೆ ಸಿಕ್ಕ ನೆಂಟನನ್ನು ಕಂಡ ಹಾಗೆ ಶಿವಪುತ್ರಪ್ಪನ ಮುಖ ಅರಳಿತು. ಅದನ್ನು ಅಂಗೈಯಲ್ಲಿ ಹಿಡಿದು ಒಬ್ಬೊಬ್ಬರಿಗೂ ತೋರಿಸಿದ. ದ್ಯಾಮಪ್ಪ ನಿಟ್ಟುಸಿರು ಬಿಟ್ಟು ಬರೆದ ಹಾಳೆ ಹರಿದ.

"ಹೊರಗಿನ ತುಕ್ಕು ನೋಡಿ ನಾನು ಯಾರ ಗಾಡಿಯನ್ನೂ ತಡೆದವನಲ್ಲ," ಎಂದರು ಇನ್‌ಸ್ಪೆಕ್ಟರು, ಈಗ ಮೆತ್ತಗೆ. "ಹಾಗೇ ತಂದಿದ್ದರೆ ಸಹಿ ಹಾಕಿ ಕಳಿಸ್ತಿದ್ದೆ. ಇರಲಿ, ಓಡಿಸಿ ಬ್ರೇಕ್ ಹಾಕಿ ತೋರಿಸು."

ಶಿವಪುತ್ರಪ್ಪ ಗಾಲಿ ಜೋಡಿಸಿ ಓಡಿಸಿದ, ಬ್ರೇಕ್ ಒತ್ತಿದ. ಗಾಡಿ ನಿಲ್ಲುವುದನ್ನು ಬಿಟ್ಟು ಎಡಕ್ಕೆ ತಿರುಗಿ ಸೀದಾ ಇನ್‌ಸ್ಪೆಕ್ಟರ ಮೇಜಿಗೆ ಹೋಯಿತು. ಮೇಜು ಮಗುಚಿತು, ಸಾಹೇಬರು ಹೇಗೋ ಹಾರಿಕೊಂಡರು. ಬಲಗಾಲಿ ಬಿಚ್ಚಿ ನೋಡಿದರೆ ಡ್ರಮ್ಮಿನ ಒಳಗೆಲ್ಲ ಚೊಗರು, ಲೈನರ್ ತೊಯ್ದು ಜಾರುತ್ತಿತ್ತು.

"ಒಳಗೂ ಸ್ವಲ್ಪ ಕೆಂಪಿತ್ತು," ಎಂದರು ಅನಂತಮೂರ್ತಿಯವರು ಸಣ್ಣ ದನಿಯಲ್ಲಿ. "ನೀನು ಊಟಕ್ಕೆ ಹೋದಾಗ ನಾನೇ ಒಂದು ಕೈ ಬಳಿದೆ."

ಪಾಸಿಂಗ್ ತಪ್ಪಿತು. ಒಂದು ತಿಂಗಳು ಬಿಟ್ಟು ಬಾ ಎಂದರು. ಹೆಂಡತಿಗೆ ಮುಖ ತೋರಿಸಲಾಗದೆ ಶಿವಪುತ್ರಪ್ಪ ಚಹಾದಂಗಡಿಯಲ್ಲಿ ಒಂದು ತಾಸು ಕಳೆದು, ಖಾಲಿ ಗಾಡಿಯನ್ನು ಎತ್ತಿನ ನಡಿಗೆಯಲ್ಲಿ ಮನೆಗೆ ತಂದ. ಅಲ್ಲಿ ತಗಡಿನ ಮಾಡಿನ ಕೆಳಗೆ ಜಾಗವಿರಲಿಲ್ಲ. ಇನ್‌ಸ್ಪೆಕ್ಟರ ಸರಕಾರಿ ಜೀಪು ನಿಂತಿತ್ತು.

"ಸಾಹೇಬ್ರು ಕಳ್ಸಿದ್ರು," ಎಂದ ಜೀಪಿನ ಡ್ರೈವರ್ ಮಾದೇವ, ಆಚೀಚೆ ನೋಡಿ. "ಗುರುವಾರ ದೊಡ್ಡ ಸಾಹೇಬ್ರು ಬತ್ರು, ನಮ್ಮ ಗಾಡಿ ನೋಡೂಕೆ. ನಾಕೂ ಗಾಲಿ ಒಳಗೆ ತುಕ್ಕು. ಆ ಕಪ್ಪು ನೀರು ಉಳಿದದ್ಯಾ?"

ಶಿವಪುತ್ರಪ್ಪನಿಗೆ ಕೂಗಿ ಊರು ಕೂಡಿಸಬೇಕೆನಿಸಿತು. ಬಾಯಿಗೆ ಬಂದದ್ದು ಮಾತ್ರ ಬೇರೆ. "ತುಕ್ಕಿರ್ಲಿ. ಬ್ರೇಕ್ ಹೆಂಗ ಹಿಡಿತಾವ?"

"ಮೂರು ಸಲ ಒತ್ತಿದ್ರೆ ಹಿಡೀತದೆ. ಘಾಟಿಲಿ ಗೇರಲ್ಲೇ ಇಳಿಸ್ತೆ."

"ಮಕ್ಕಳೆಷ್ಟು ನಿನಗ?"

"ಮೂರು."

ಶಿವಪುತ್ರಪ್ಪ ಗಡಿಗೆಯ ಕಡೆ ಹೋಗದೆ ಪಾನಾ ತಂದು ಗಾಲಿ ಬಿಚ್ಚಿದ. ಲೈನರ್ ಕಾಗದದಷ್ಟು ಸವೆದಿತ್ತು. ಹುಬ್ಬಳ್ಳಿಯಿಂದ ಎಂದೋ ತಂದು, ತನ್ನ ಕಾರಿಗೆಂದು ಹಳೆ ಪಂಚೆಯಲ್ಲಿ ಸುತ್ತಿಟ್ಟಿದ್ದ ಒಂದೇ ಒಂದು ಲೈನರ್ ಪಟ್ಟಿಯನ್ನು ತೆಗೆದ. ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡು ನಿಂತ. ಆಮೇಲೆ ಅಳತೆಗೆ ಕೊಯ್ದು ಜೀಪಿಗೆ ರಿವಿಟ್ ಹೊಡೆದ. ಅಷ್ಟಾದ ಮೇಲೆ ಹೊರಮೈಗೆ ಮಾತ್ರ ಚೊಗರು. ಅನಂತಮೂರ್ತಿಯವರನ್ನು ನೀಲಗಂಗವ್ವ ಜಗಲಿಯ ಮೇಲೆ ಕೂರಿಸಿ, ಏಳದ ಹಾಗೆ ಅವರ ಕೈಗೊಂದು ಚಹಾ ಬಟ್ಟಲು, ಅದು ಮುಗಿದೊಡನೆ ಇನ್ನೊಂದು ಕೊಡುತ್ತಲೇ ಇದ್ದಳು.

ಬುಧವಾರ ಶಾರದವ್ವ ಬಸ್ಸಿನಲ್ಲಿ ಬಂದಳು. ಕರೆಯಲು ಹೋಗಿದ್ದ ಶಿವಪುತ್ರಪ್ಪ ಪಕ್ಕದಲ್ಲಿ ಕೂತು, ಪ್ರತಿ ತಿರುವಿನಲ್ಲೂ ತನ್ನ ಬಲಗಾಲನ್ನು ತಾನೇ ನೆಲಕ್ಕೊತ್ತುತ್ತಿದ್ದ. ಬಸ್ಸೂ ಚಲೋ ಅದ ಬಿಡಪ್ಪಾ ಎಂದು ಮಗಳೇ ಅವನನ್ನು ಸಮಾಧಾನ ಮಾಡಿದಳು.

ಗುರುವಾರ ಸಂಜೆ ಮಾದೇವ ಜೀಪನ್ನು ಮನೆಯ ಮುಂದೆ ತಂದು, ಒಂದೇ ಒತ್ತಿಗೆ ಗಕ್ಕನೆ ನಿಲ್ಲಿಸಿ ಇಳಿದ. ಮುಖ ಅರಳಿತ್ತು.

"ದೊಡ್ಡ ಸಾಹೇಬ್ರು ಗಾಲಿ ಬಿಚ್ಚಿಸಿ ನೋಡಿ ಭಾರಿ ಹೊಗಳಿದ್ರು. ಬ್ರೇಕ್ ಅಂದ್ರೆ ಹೀಂಗೆ ಇರ್ಬೇಕು ಅಂದ್ರು. ನಮ್ಮ ಸಾಹೇಬ್ರಿಗೆ ಅದು ತಲೆಗೆ ಹೋಯ್ತು ಕಾಣ್ತದೆ. ನಿಮಗೊಂದು ಮಾತು ಹೇಳಿ ಕಳ್ಸಿದಾರೆ."

"ಏನಂದ್ರು?"

"ಮುಂದಿನ ತಿಂಗಳು ಪಾಸಿಂಗಿಗೆ ಬರೂಕೆ ಮೊದಲು ನಿಮ್ಮ ಕಾರಿಗೂ ಜೀಪಿನಂಥದೇ ಹೊಸ ಲೈನರ್ ಹಾಕಿರ್ಬೇಕಂತೆ. ಇಲ್ದಿದ್ರೆ ಸಹಿ ಇಲ್ಲ."